ಸಾಲುಗಳನ್ನು ಒಂದಾಗಿಸುವ ‘ಪೇಸ್ಟ್’: ಆರು ವರ್ಷಗಳ ಬಳಕೆಯ ಅನುಭವ

ಸಾಲಿಗೊಂದರಂತೆ ಗ್ರಾಹಕ ಸಂಕೇತಗಳಿರುವ ಪಠ್ಯ ಕಡತವೊಂದು ವಾರಕ್ಕೆ ಹಲವು ಬಾರಿ ನನ್ನ ಕೈಸೇರುತ್ತದೆ. ಅವನ್ನೆಲ್ಲ ಅಲ್ಪವಿರಾಮದಿಂದ ಬೇರ್ಪಡಿಸಿ, ಒಂದೇ ಸಾಲಾಗಿಸಿ, ಡೇಟಾಬೇಸ್‌ನಿಂದ ಮಾಹಿತಿ ಕೇಳುವ ಎಸ್‌ಕ್ಯೂಎಲ್ ಕ್ವೆರಿಯ ‘ಇನ್’ ಪಟ್ಟಿಯ ಆವರಣದೊಳಗೆ ಇಡಬೇಕು. ಈ ಕೆಲಸಕ್ಕೆ ಆರು ವರ್ಷಗಳಿಂದ ಲಿನಕ್ಸ್‌ನ ‘ಪೇಸ್ಟ್’ ಕಮಾಂಡನ್ನು ನೆಚ್ಚಿಕೊಂಡಿದ್ದೇನೆ.

ಮೊದಲು ಅಕ್ಷರಗಳನ್ನು ಬದಲಿಸುವ ಅಥವಾ ಅಳಿಸುವ ‘ಟಿಆರ್’ ಕಮಾಂಡನ್ನು ಬಳಸುತ್ತಿದ್ದೆ. ಅದು ಹೊಸಸಾಲಿನ ಪ್ರತಿಯೊಂದು ಚಿಹ್ನೆಯನ್ನೂ ಅಲ್ಪವಿರಾಮವಾಗಿ ಬದಲಿಸುವುದರಿಂದ ಕಟ್ಟಕಡೆಯ ಸಂಕೇತದ ನಂತರವೂ ಒಂದು ಅಲ್ಪವಿರಾಮ ಉಳಿದು, ಕ್ವೆರಿ ದೋಷ ತೋರಿಸುತ್ತಿತ್ತು. ಪೇಸ್ಟ್‌ಗೆ ‘ಎಸ್’ ಆಯ್ಕೆ ಕೊಟ್ಟರೆ ಕಡತದ ಸಾಲುಗಳು ಒಂದರ ಪಕ್ಕ ಒಂದು ಬಂದು ಕೂರುತ್ತವೆ. ‘ಡಿ’ ಆಯ್ಕೆಯ ಜೊತೆಗೆ ಬರೆದ ಚಿಹ್ನೆ ಅವುಗಳ ನಡುವೆ ಮಾತ್ರ ಬೀಳುತ್ತದೆ. ನಾನು ಇದಕ್ಕೆ ಒಲಿದದ್ದು ಮುಖ್ಯವಾಗಿ ಈ ಅಚ್ಚುಕಟ್ಟಿಗಾಗಿ.

ಕೊರತೆಗಳೂ ಇವೆ. ಅಲ್ಪವಿರಾಮದ ಜೊತೆಗೆ ಖಾಲಿ ಜಾಗವೂ ಇರಲಿ ಎಂದು ಎರಡನ್ನೂ ಒಟ್ಟಿಗೆ ಕೊಟ್ಟರೆ, ಪೇಸ್ಟ್ ಅವನ್ನು ಜೋಡಿಯಾಗಿ ಕಾಣದೆ ಸರದಿಯ ಮೇಲೆ ಬಳಸುತ್ತದೆ: ಒಂದೆಡೆ ಅಲ್ಪವಿರಾಮ, ಮುಂದಿನೆಡೆ ಬರೀ ಖಾಲಿ ಜಾಗ. ಅಂಥ ಸಂದರ್ಭದಲ್ಲಿ ಪಠ್ಯವನ್ನು ಸಂಸ್ಕರಿಸುವ ‘ಆಕ್’ ಕಮಾಂಡ್ ಉತ್ತಮ. ಮ್ಯಾಕ್‌ನಲ್ಲಿ ಪೈಪ್ ಮೂಲಕ, ಅಂದರೆ ಇನ್ನೊಂದು ಕಮಾಂಡಿನಿಂದ ನೇರವಾಗಿ, ಸಾಲುಗಳನ್ನು ಕಳಿಸುವಾಗ ಕಡತದ ಹೆಸರಿನ ಜಾಗದಲ್ಲಿ ಒಂದು ಅಡ್ಡಗೆರೆ (-) ಇಡಬೇಕು.

ನನ್ನನ್ನು ಬಹಳ ದಿನ ಕಾಡಿದ್ದು ಮಾತ್ರ ವಿಂಡೋಸ್‌ನಲ್ಲಿ ಉಳಿಸಿದ ಕಡತಗಳು. ಅವುಗಳಲ್ಲಿ ಪ್ರತಿ ಸಾಲಿನ ಕೊನೆಗೂ ‘ಕ್ಯಾರೇಜ್ ರಿಟರ್ನ್’ ಎಂಬ ಕಾಣದ ಅಕ್ಷರವಿದ್ದು, ಜೋಡಿಸಿದ ಮೇಲೂ ಅದು ಸಂಕೇತಗಳಿಗೆ ಅಂಟಿಕೊಂಡೇ ಇರುತ್ತದೆ. ತೆರೆಯ ಮೇಲೆ ಕರ್ಸರ್ ಮತ್ತೆ ಮತ್ತೆ ಸಾಲಿನ ಆರಂಭಕ್ಕೆ ಮರಳುವುದರಿಂದ ಒಂದರ ಮೇಲೊಂದು ಬರೆದಂತಾಗಿ, ಕೊನೆಯ ಒಂದೆರಡು ಸಂಕೇತಗಳಷ್ಟೇ ಉಳಿದಂತೆ ಕಾಣುತ್ತದೆ. ಆ ಅಕ್ಷರವೂ ಸೇರಿಕೊಳ್ಳುವುದರಿಂದ, ಉದ್ಧರಣ ಚಿಹ್ನೆಯೊಳಗಿಟ್ಟ ಸಂಕೇತಗಳು ಡೇಟಾಬೇಸ್‌ನಲ್ಲಿ ಸಿಗುವುದೇ ಇಲ್ಲ. ಈಗ ನನ್ನ ಸ್ಕ್ರಿಪ್ಟಿನ ಮೊದಲ ಹೆಜ್ಜೆಯೇ ಆ ಅಕ್ಷರವನ್ನು ಟಿಆರ್‌ನಿಂದ ಅಳಿಸುವುದು. ನಾನು ಕೈಬಿಟ್ಟಿದ್ದ ಟಿಆರ್ ಹೀಗೆ ಮತ್ತೆ ಕೆಲಸಕ್ಕೆ ಬಂತು. ಒರಾಕಲ್ ಡೇಟಾಬೇಸ್‌ನ ಹಳೆಯ ಆವೃತ್ತಿಗಳಲ್ಲಿ ‘ಇನ್’ ಪಟ್ಟಿಗೆ 1000 ಮೌಲ್ಯಗಳ ಮಿತಿಯಿರುವುದರಿಂದ, ಎರಡನೆಯ ಹೆಜ್ಜೆಯಾಗಿ ‘ಸ್ಪ್ಲಿಟ್’ ಕಮಾಂಡಿನಿಂದ ಕಡತವನ್ನು ಸಾವಿರ ಸಾಲುಗಳ ತುಂಡುಗಳಾಗಿ ಒಡೆಯುತ್ತೇನೆ.

ವಿಂಡೋಸ್‌ನಲ್ಲೇ ಕೆಲಸ ಮಾಡುವವರಿಗೆ ಅಲ್ಲಿನ ಕಮಾಂಡ್ ಪರಿಸರವಾದ ಪವರ್‌ಶೆಲ್‌ನ ‘ಜಾಯಿನ್’ ಇದೆ, ಅದು ಎಷ್ಟು ಉದ್ದದ ವಿಭಾಜಕವನ್ನಾದರೂ ಒಪ್ಪುತ್ತದೆ. ಆದರೆ ಕಡತದಲ್ಲಿ ಕನ್ನಡದ ಊರ ಹೆಸರುಗಳಿದ್ದರೆ, 5.1ನೇ ಆವೃತ್ತಿಯಲ್ಲಿ ಓದುವಾಗಲೇ ಯುಟಿಎಫ್-8 ಎನ್‌ಕೋಡಿಂಗ್ (ಅಕ್ಷರಗಳನ್ನು ಉಳಿಸುವ ಕ್ರಮ) ಎಂದು ಸ್ಪಷ್ಟವಾಗಿ ತಿಳಿಸಿ. ಇಲ್ಲವಾದರೆ ಜೋಡಿಸುವ ಮೊದಲೇ ಅಕ್ಷರಗಳು ಕೆಟ್ಟುಹೋಗಿರುತ್ತವೆ.