‘ರಿಜನರೇಟಿವ್’ ಎಂದು ಬರೆದ ಡಬ್ಬಿಗಳು: ಯಾವ ಮುದ್ರೆ ಯಾವುದಕ್ಕೆ ಸಾಕ್ಷಿ?

‘ರಿಜನರೇಟಿವ್’, ಎಂದರೆ ಮಣ್ಣಿನ ಕಸುವನ್ನು ಮರಳಿ ತರುವ ಬೇಸಾಯದಿಂದ ಬಂದದ್ದು, ಎಂದು ಹೇಳಿಕೊಳ್ಳುವ ಕ್ರೀಮ್, ಬಾಮ್‌ಗಳ ಡಬ್ಬಿಯ ಮೇಲಿನ ಪ್ರಮಾಣಪತ್ರದ ಮುದ್ರೆಗಳನ್ನು ಎಷ್ಟು ನಂಬಬಹುದು? ತೀರ್ಮಾನವನ್ನು ಮೊದಲೇ ಹೇಳುತ್ತೇನೆ. ಮಣ್ಣು ಉಳಿಯಬೇಕೆಂಬ ಕಾಳಜಿಯಿಂದ ಚರ್ಮಕ್ಕೆ ಹಚ್ಚುವ ವಸ್ತುವನ್ನು ಆರಿಸುವವರು ಪದಾರ್ಥಗಳ ಪಟ್ಟಿ ಚಿಕ್ಕದಾಗಿರುವುದನ್ನು ಹುಡುಕುವುದು ಒಳ್ಳೆಯದು. ಪಟ್ಟಿ ಉದ್ದವಾದಷ್ಟೂ, ಡಬ್ಬಿಯ ಮೇಲಿನ ಮುದ್ರೆ ಒಳಗಿರುವುದರಲ್ಲಿ ಯಾವ ಭಾಗಕ್ಕೆ ಸಂಬಂಧಿಸಿದ್ದು ಎಂದು ಪತ್ತೆ ಹಚ್ಚುವುದು ಕಷ್ಟವಾಗುತ್ತದೆ. ನಾಲ್ಕು ಬಗೆಯ ವಸ್ತುಗಳನ್ನು ಒಂದೇ ಚಳಿಗಾಲದಲ್ಲಿ ಬೆಂಗಳೂರಿನ ನಮ್ಮ ಮನೆಯಲ್ಲಿ ಬಳಸುತ್ತಾ, ಅವುಗಳ ಮೇಲೆ ಬರೆದಿದ್ದ ಒಂದೊಂದು ಮಾತನ್ನೂ ಒರೆಗೆ ಹಚ್ಚಿ ನೋಡಿದ ಮೇಲೆ ನಾನು ತಲುಪಿದ ನಿಲುವು ಇದು.

ಈ ವಿಷಯ ನನಗೆ ಮುಖ್ಯವಾಗಲು ಕಾರಣವಿದೆ. ನಮ್ಮ ಮಾವನವರ ತೋಟ ತಿಪಟೂರಿನ ಹತ್ತಿರ. ತೆಂಗಿನ ಸಾಲುಗಳ ನಡುವೆ ಮುಂಗಾರಿನಲ್ಲಿ ಅಪ್ಸೆಣಬು, ಹುರುಳಿ ಚೆಲ್ಲಿ, ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸುತ್ತಾರೆ. ಗರಿ, ಮಟ್ಟೆ ಯಾವುದನ್ನೂ ಸುಡುವುದಿಲ್ಲ. ಎಲ್ಲವೂ ಮರದ ಬುಡಕ್ಕೆ ಮುಚ್ಚಿಗೆಯಾಗುತ್ತದೆ. ಉಳುಮೆಯನ್ನು ವರ್ಷದಿಂದ ವರ್ಷಕ್ಕೆ ಕಡಿಮೆ ಮಾಡುತ್ತಾ ಬಂದಿದ್ದಾರೆ. ಅಮೆರಿಕದಲ್ಲಿ ರಿಜನರೇಟಿವ್ ಎಂದು ಕರೆಯುವ ಬೇಸಾಯದ ತಿರುಳೂ ಹೆಚ್ಚುಕಡಿಮೆ ಇದೇ: ನೆಲವನ್ನು ಬರಿದಾಗಿ ಬಿಡಬಾರದು, ಆದಷ್ಟು ಕದಡಬಾರದು, ಒಂದೇ ಬೆಳೆಗೆ ಕಟ್ಟಿಹಾಕಬಾರದು. ವರ್ಷಗಟ್ಟಲೆ ಬೆವರು ಬೇಡುವ ಈ ಕೆಲಸದ ಹೆಸರನ್ನು ಯಾರಾದರೂ ಪುಕ್ಕಟೆಯಾಗಿ ಡಬ್ಬಿಯ ಮೇಲೆ ಅಚ್ಚು ಹಾಕಿಸಿಕೊಂಡರೆ ನನಗೆ ಸಿಟ್ಟು ಬರುತ್ತದೆ.

ಚರ್ಮದ ಕೋಶಗಳನ್ನೇ ಹೊಸದಾಗಿಸುತ್ತೇವೆ ಎನ್ನುವ ಎಕ್ಸೋಸೋಮ್ (ಕೋಶಗಳು ಹೊರಬಿಡುವ ಸೂಕ್ಷ್ಮ ಚೀಲಗಳು), ಪಿಡಿಆರ್‌ಎನ್ (ಡಿಎನ್‌ಎ ತುಣುಕುಗಳು) ಸೀರಮ್‌ಗಳೂ ರಿಜನರೇಟಿವ್ ಎಂಬ ಹೆಸರಿನಲ್ಲಿ ಮಾರಾಟವಾಗುತ್ತವೆ. ಇಲ್ಲಿ ಹೇಳುವ ಯಾವ ಮುದ್ರೆಯೂ ಅವುಗಳ ಆ ಭರವಸೆಗೆ ಸಾಕ್ಷಿಯಾಗುವುದಿಲ್ಲ. ಅವನ್ನು ಕೊಳ್ಳುವ ಮುನ್ನ ಚರ್ಮವೈದ್ಯರನ್ನು ಕೇಳಬೇಕು.

ಹೋಲಿಕೆಗೆ ಇಟ್ಟುಕೊಂಡದ್ದು ಇವು: ಕ್ಯಾಲಿಫೋರ್ನಿಯಾದಲ್ಲಿರುವ ಅಕ್ಕ ತಂದುಕೊಟ್ಟ, ‘ರಿಜನರೇಟಿವ್ ಆರ್ಗ್ಯಾನಿಕ್ ಸರ್ಟಿಫೈಡ್’ ಎಂದು ನಮೂದಿಸಿದ್ದ ಬಾಮ್, ‘ಕಾಸ್ಮೋಸ್ ಆರ್ಗ್ಯಾನಿಕ್’ ಮುದ್ರೆಯ, ಫ್ರಾನ್ಸಿನಲ್ಲಿ ತಯಾರಾದ ಮುಖದ ಕ್ರೀಮ್, ‘ರಿಜನರೇಟಿವ್ ತೋಟಗಳಿಂದ’, ‘ಶೇ 98 ನೈಸರ್ಗಿಕ ಮೂಲ’ ಎಂದು ಬರೆದುಕೊಂಡಿದ್ದ ನಮ್ಮ ದೇಶದ್ದೇ ಒಂದು ಕ್ರೀಮ್, ಮತ್ತು ‘ಇಂಡಿಯಾ ಆರ್ಗ್ಯಾನಿಕ್’ ಮುದ್ರೆಯ ಕೊಬ್ಬರಿ ಎಣ್ಣೆ.

ಮಣ್ಣಿನ ಬಗ್ಗೆ ನೇರವಾಗಿ ಮಾತನಾಡುವ ಪ್ರಮಾಣಪತ್ರ ಈ ನಾಲ್ಕರಲ್ಲಿ ಅಕ್ಕ ತಂದ ಬಾಮ್‌ನದು ಮಾತ್ರ. ಅದನ್ನು ನಡೆಸುವ ರಿಜನರೇಟಿವ್ ಆರ್ಗ್ಯಾನಿಕ್ ಅಲೈಯನ್ಸ್ 2017ರಲ್ಲಿ ಹುಟ್ಟಿತು. ಪೆನ್ಸಿಲ್ವೇನಿಯಾದ ರೋಡೇಲ್ ಇನ್‌ಸ್ಟಿಟ್ಯೂಟ್, ಬಟ್ಟೆ ತಯಾರಿಸುವ ಪೆಟಗೋನಿಯಾ, ಸಾಬೂನು ತಯಾರಿಸುವ ಡಾಕ್ಟರ್ ಬ್ರಾನರ್ಸ್ ಅದರ ಸ್ಥಾಪಕರು. ಮಾರುವವರೇ ಸೇರಿ ಕಟ್ಟಿದ ಮುದ್ರೆಯನ್ನು ನಂಬುವುದು ಹೇಗೆ ಎಂಬ ಪ್ರಶ್ನೆ ನನಗೂ ಬಂತು. ಆದರೆ ತೋಟಕ್ಕೆ ಹೋಗಿ ತಪಾಸಣೆ ಮಾಡುವುದು ಸ್ವತಂತ್ರ ಪ್ರಮಾಣನ ಸಂಸ್ಥೆಗಳು. ಅಮೆರಿಕದ ಕೃಷಿ ಇಲಾಖೆಯ ಅಥವಾ ಅದಕ್ಕೆ ಸಮನಾದ ಸಾವಯವ ಪ್ರಮಾಣಪತ್ರ ಇಲ್ಲದವರಿಗೆ ಈ ಮುದ್ರೆ ಸಿಗುವುದಿಲ್ಲ. ಅದಿದ್ದವರಲ್ಲಿ ಮಣ್ಣಿನ ಆರೋಗ್ಯ, ಸಾಕುಪ್ರಾಣಿಗಳ ಯೋಗಕ್ಷೇಮ, ರೈತರಿಗೂ ಕೂಲಿಕಾರರಿಗೂ ಸಿಗುವ ನ್ಯಾಯ, ಈ ಮೂರನ್ನು ನೋಡಿ ಕಂಚು, ಬೆಳ್ಳಿ, ಚಿನ್ನ ಎಂಬ ಮಟ್ಟಗಳನ್ನು ಕೊಡುತ್ತಾರೆ. ಕೂಲಿಯ ವಿಷಯವನ್ನು ಮಣ್ಣಿನಷ್ಟೇ ಗಂಭೀರವಾಗಿ ತೆಗೆದುಕೊಂಡಿರುವುದು ನನಗೆ ತುಂಬ ಹಿಡಿಸಿತು. ತೋಟದಲ್ಲಿ ಕಾಯಿ ಕೀಳುವವರು, ಸುಲಿಯುವವರು ಎಷ್ಟು ಕಷ್ಟಪಡುತ್ತಾರೆ ಎಂದು ಕಂಡವರಿಗೆ ಇದರ ಬೆಲೆ ಗೊತ್ತು.

ಪರಿಶೀಲನೆ ಸುಲಭವಾಗಿತ್ತು. ಅಲೈಯನ್ಸ್‌ನ ಜಾಲತಾಣದಲ್ಲಿ ಪ್ರಮಾಣಿತ ತೋಟಗಳ ಮತ್ತು ಬ್ರಾಂಡ್‌ಗಳ ಪಟ್ಟಿ ಎಲ್ಲರಿಗೂ ತೆರೆದಿದೆ. ಬಾಮ್‌ನ ಹೆಸರು ಅಲ್ಲಿ ಸಿಕ್ಕಿತು. ಕಂಪನಿಯ ಸಾವಯವ ಪ್ರಮಾಣಪತ್ರವನ್ನು ಅಮೆರಿಕದ ಕೃಷಿ ಇಲಾಖೆ ನಡೆಸುವ ಆರ್ಗ್ಯಾನಿಕ್ ಇಂಟೆಗ್ರಿಟಿ ಡೇಟಾಬೇಸ್‌ನಲ್ಲಿ ಹುಡುಕಿದೆ. ಅಲ್ಲಿಯೂ ಸಿಕ್ಕಿತು. ಡಬ್ಬಿಯನ್ನು ಮತ್ತೆ ಕೈಗೆತ್ತಿಕೊಂಡು ಓದಿದಾಗ ಗಮನಕ್ಕೆ ಬಂದದ್ದು, ಮುದ್ರೆಯ ಹೆಸರಿನ ಜೊತೆಗಿದ್ದ ಸಣ್ಣ ಅಕ್ಷರದ ಸಾಲು: ಈ ಮುದ್ರೆ ಪಡೆದ ತೆಂಗಿನ ಎಣ್ಣೆಯಿಂದ ತಯಾರಿಸಿದ್ದು. ಎಂದರೆ ಅದರ ಸಾಕ್ಷಿ ಎಣ್ಣೆಗೆ. ಅದರೊಳಗಿನ ಜೇನುಮೇಣಕ್ಕೂ ಪರಿಮಳದ ತೈಲಕ್ಕೂ ಅಲ್ಲ. ಕಂಪನಿ ಅದನ್ನು ಮುಚ್ಚಿಟ್ಟಿಲ್ಲ, ಸರಿಯಾಗಿಯೇ ಬರೆದಿದೆ. ಪಟ್ಟಿಯಲ್ಲಿ ಮೊದಲ ಹೆಸರೂ ತೆಂಗಿನ ಎಣ್ಣೆಯದೇ ಆದ್ದರಿಂದ ಡಬ್ಬಿಯಲ್ಲಿ ಅದೇ ಹೆಚ್ಚು. ಆದರೆ ಇಡೀ ವಸ್ತುವಿಗೆ ಸಿಕ್ಕ ಮುದ್ರೆಗೂ ಒಂದು ಪದಾರ್ಥಕ್ಕೆ ಸಿಕ್ಕ ಮುದ್ರೆಗೂ ಇರುವ ಅಂತರ ಅವಸರದಲ್ಲಿ ಕೊಳ್ಳುವವರ ಕಣ್ಣಿಗೆ ಬೀಳುವುದಿಲ್ಲ.

ಫ್ರಾನ್ಸಿನ ಕ್ರೀಮ್‌ನ ಮುದ್ರೆ ಬೇರೆ ಜಾತಿಯದು. ಜರ್ಮನಿ, ಫ್ರಾನ್ಸ್, ಇಟಲಿ, ಬ್ರಿಟನ್ನಿನ ಐದು ಸಂಸ್ಥೆಗಳು ಸೇರಿ ರೂಪಿಸಿದ ಕಾಸ್ಮೋಸ್ ಮಾನದಂಡ ತೋಟಕ್ಕಿಂತ ಕಾರ್ಖಾನೆಯನ್ನೂ ಸೂತ್ರವನ್ನೂ ಹೆಚ್ಚು ನೋಡುತ್ತದೆ: ಯಾವ ಪದಾರ್ಥ ಹಾಕಬಹುದು, ಅದನ್ನು ಹೇಗೆ ಸಂಸ್ಕರಿಸಬಹುದು, ಯಾವ ಸಂರಕ್ಷಕಕ್ಕೆ ಅನುಮತಿಯಿದೆ ಎಂದು. ‘ಆರ್ಗ್ಯಾನಿಕ್’ ಎನಿಸಿಕೊಳ್ಳಲು ಭೌತಿಕವಾಗಿ ಮಾತ್ರ (ಹಿಂಡಿ, ಅರೆದು, ಒಣಗಿಸಿ) ಸಂಸ್ಕರಿಸಿದ ಕೃಷಿ ಪದಾರ್ಥಗಳಲ್ಲಿ ಶೇ 95 ಸಾವಯವವಾಗಿರಬೇಕು. ಒಟ್ಟು ತೂಕದಲ್ಲಿ ಕನಿಷ್ಠ ಶೇ 20, ತೊಳೆದುಬಿಡುವ ವಸ್ತುಗಳಲ್ಲಿ ಶೇ 10. ಶೇ 20 ಎಂದರೆ ಇಷ್ಟೇಯೇ ಎನಿಸಬಹುದು. ಕ್ರೀಮ್‌ನಲ್ಲಿ ಬಹುಪಾಲು ನೀರು, ನೀರನ್ನು ಸಾವಯವ ಎಂದು ಲೆಕ್ಕಕ್ಕೆ ಹಿಡಿಯಲು ಅವರು ಬಿಡುವುದಿಲ್ಲ. ಆದ್ದರಿಂದ ಈ ಕಡಿಮೆ ಅಂಕಿಯನ್ನು ನಾನು ಪ್ರಾಮಾಣಿಕತೆಯ ಗುರುತೆಂದೇ ಎಣಿಸುತ್ತೇನೆ. ಒಟ್ಟು ತೂಕದಲ್ಲಿ ಸಾವಯವ ಎಷ್ಟು ಎಂಬುದನ್ನು ಲೇಬಲ್ಲಿನಲ್ಲಿ ಬರೆಯಲೇಬೇಕು, ನನ್ನ ಡಬ್ಬಿಯಲ್ಲಿ ಬರೆದಿತ್ತು. ಹೆಸರೂ ಅವರ ಆನ್‌ಲೈನ್ ಪಟ್ಟಿಯಲ್ಲಿತ್ತು. ‘ಕಾಸ್ಮೋಸ್ ನ್ಯಾಚುರಲ್’ ಎಂಬ ಇನ್ನೊಂದು ಮುದ್ರೆಗೆ ಸಾವಯವದ ಕನಿಷ್ಠ ಮಿತಿಯೇ ಇಲ್ಲ. ಎರಡೂ ನೋಡಲು ಒಂದೇ ತರಹ ಇರುವುದರಿಂದ ಕೊನೆಯ ಪದವನ್ನು ಓದದೆ ದುಡ್ಡು ಕೊಡಬೇಡಿ. ತೋಟದಲ್ಲಿ ಮುಚ್ಚಿಗೆ ಇದೆಯೇ, ಉಳುಮೆ ಎಷ್ಟು ಎಂಬುದರ ಬಗ್ಗೆ ಎರಡೂ ಏನನ್ನೂ ಹೇಳುವುದಿಲ್ಲ.

ಆಮದಾದ ಪ್ರಸಾಧನ ವಸ್ತುಗಳಿಗೆ ನಮ್ಮ 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ನೋಂದಣಿ ಬೇಕು. ನೋಂದಣಿ ಸಂಖ್ಯೆ, ಆಮದುದಾರರ ಹೆಸರು ಮತ್ತು ವಿಳಾಸ ಡಬ್ಬಿಯ ಮೇಲಿರಬೇಕು. ಆ ಚೀಟಿಯೇ ಇಲ್ಲದ ‘ಫ್ರೆಂಚ್’ ಕ್ರೀಮ್ ಅಗ್ಗಕ್ಕೆ ಸಿಕ್ಕರೆ ಮುದ್ರೆಯನ್ನು ಪರಿಶೀಲಿಸುವ ಶ್ರಮವೂ ಬೇಕಿಲ್ಲ, ಬಿಟ್ಟುಬಿಡಿ.

ಹೆಚ್ಚು ಸಮಯ ತಿಂದದ್ದು ಮೂರನೆಯದು. ಡಬ್ಬಿ ಸುಂದರವಾಗಿತ್ತು. ಮುಂಭಾಗದಲ್ಲಿ ಎಲೆಯ ಚಿತ್ರವಿರುವ ಒಂದು ದುಂಡು ಗುರುತು, ಅದರ ಸುತ್ತ ‘ರಿಜನರೇಟಿವ್’. ಅದರಲ್ಲಿ ಯಾವ ಸಂಸ್ಥೆಯ ಹೆಸರೂ ಇರಲಿಲ್ಲ, ಸಂಖ್ಯೆಯೂ ಇರಲಿಲ್ಲ. ಯಾರು ಕೊಟ್ಟದ್ದೆಂದು ಹೇಳದ ಗುರುತನ್ನು ನಾನು ಚಿತ್ರವೆಂದಷ್ಟೇ ಪರಿಗಣಿಸುತ್ತೇನೆ.

‘ಶೇ 98 ನೈಸರ್ಗಿಕ ಮೂಲ’ ಎಂಬುದರ ಪಕ್ಕ ಐಎಸ್‌ಒ 16128 ಎಂದು ಬರೆದಿತ್ತು. ಐಎಸ್‌ಒ ಎಂಬುದನ್ನು ನೋಡಿದೊಡನೆ ಯಾರೋ ಬಂದು ತಪಾಸಣೆ ಮಾಡಿದ್ದಾರೆ ಎನಿಸುತ್ತದೆ. ಇದು ನೈಸರ್ಗಿಕ ಅಂಶವನ್ನು ಲೆಕ್ಕ ಹಾಕುವ ವಿಧಾನದ ಮಾರ್ಗಸೂಚಿ. ಕಂಪನಿ ತಾನೇ ಕೂತು ಲೆಕ್ಕ ಹಾಕಿಕೊಳ್ಳಬಹುದು. ಆ ಲೆಕ್ಕದಲ್ಲಿ ನೀರೂ ನೈಸರ್ಗಿಕವೇ. ನೂರು ಗ್ರಾಂ ಕ್ರೀಮ್‌ನಲ್ಲಿ ಎಪ್ಪತ್ತು ಗ್ರಾಂ ನೀರಿದ್ದರೆ ಶೇ 70 ಅಲ್ಲೇ ಸಿಕ್ಕಿತು. ಕಾಸ್ಮೋಸ್‌ನ ಶೇ 20ರ ಪಕ್ಕದಲ್ಲಿ ಈ 98 ದೊಡ್ಡದಾಗಿ ಕಾಣುತ್ತದೆ. ಎರಡು ಅಂಕಿಗಳು ಅಳೆಯುವುದೇ ಬೇರೆ ಬೇರೆಯನ್ನು, ಅವನ್ನು ಒಂದರ ಪಕ್ಕ ಒಂದಿಟ್ಟು ತೂಗುವಂತಿಲ್ಲ.

ಇನ್ನು ಪದಾರ್ಥಗಳ ಪಟ್ಟಿ. ಶೇ 1ಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಅದಕ್ಕಿಂತ ಕಡಿಮೆಯವನ್ನು ಕೊನೆಯಲ್ಲಿ ಹೇಗೆ ಬೇಕಾದರೂ ಬರೆಯಬಹುದು. ಫಿನಾಕ್ಸಿಎಥನಾಲ್ ಎಂಬ ಸಂರಕ್ಷಕವನ್ನು ಶೇ 1ಕ್ಕಿಂತ ಹೆಚ್ಚು ಬಳಸುವಂತಿಲ್ಲ. ಹಾಗಾಗಿ ಪಟ್ಟಿಯಲ್ಲಿ ಅದರ ನಂತರ ಬರುವುದೆಲ್ಲ ಶೇ 1ರ ಒಳಗೇ. ಜಾಹೀರಾತಿನಲ್ಲಿ ಮೆರೆದಿದ್ದ ‘ರಿಜನರೇಟಿವ್ ತೋಟದ’ ತೈಲ ನನ್ನ ಡಬ್ಬಿಯ ಪಟ್ಟಿಯಲ್ಲಿ ಫಿನಾಕ್ಸಿಎಥನಾಲ್‌ನ ನಂತರ ಇತ್ತು. ಈ ಒಂದು ಪರೀಕ್ಷೆಗೆ ಇಂಟರ್ನೆಟ್ಟೂ ಬೇಡ, ಅಂಗಡಿಯಲ್ಲಿ ನಿಂತಲ್ಲೇ ಮಾಡಬಹುದು. ಇದೊಂದನ್ನಾದರೂ ಎಲ್ಲರೂ ಕಲಿತುಕೊಳ್ಳಬೇಕೆಂಬುದು ನನ್ನ ಆಸೆ.

ಗ್ರಾಹಕ ಸೇವೆಗೆ ಪತ್ರ ಬರೆದು ಪ್ರಮಾಣಪತ್ರ ಕೇಳಿದೆ. ವಿನಯದ ಉತ್ತರ ಬಂತು, ಜೊತೆಗೆ ಒಂದು ಪಿಡಿಎಫ್. ಅದು ಆ ತೈಲವನ್ನು ಪೂರೈಸುವವರ ಸಾವಯವ ಪ್ರಮಾಣಪತ್ರ. ಅದರಲ್ಲಿದ್ದ ಹೆಸರು ಡಬ್ಬಿಯ ಮೇಲಿದ್ದ ಮಾರಾಟಗಾರರದೂ ಅಲ್ಲ, ತಯಾರಕರದೂ ಅಲ್ಲ. ಅವಧಿ ಮುಗಿದಿತ್ತು. ರಿಜನರೇಟಿವ್ ಎಂಬ ಮಾತು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಯಾರಾದರೂ ಇಂಥ ಪತ್ರ ಕಳುಹಿಸಿದರೆ ನೋಡಬೇಕಾದ್ದು ಮೂರು: ಯಾರ ಹೆಸರಿನಲ್ಲಿದೆ, ಯಾವ ಯಾವ ವಸ್ತುಗಳಿಗೆ ಅನ್ವಯಿಸುತ್ತದೆ, ಯಾವ ದಿನದವರೆಗೆ. ಬೇರೆಯವರ ಕಾರ್ಖಾನೆಯಲ್ಲಿ ಮಾಡಿಸಿ ತಮ್ಮ ಹೆಸರಿನಲ್ಲಿ ಮಾರುವುದು ಈ ವ್ಯಾಪಾರದಲ್ಲಿ ಸಾಮಾನ್ಯ, ಅದು ತಪ್ಪೇನಲ್ಲ. ಆದರೆ ಪತ್ರದಲ್ಲಿನ ಹೆಸರಿನಿಂದ ಡಬ್ಬಿಯ ಹೆಸರಿನವರೆಗಿನ ದಾರಿಯನ್ನು ತೋರಿಸುವುದು ಮಾರುವವರ ಹೊಣೆ.

ಅದೇ ಡಬ್ಬಿಯಲ್ಲಿ, ಪ್ರಾಣಿಗಳ ಮೇಲೆ ಪರೀಕ್ಷಿಸಿಲ್ಲ ಎಂದು ಸೂಚಿಸುವ ಮೊಲದ ಚಿತ್ರವೂ ಇತ್ತು. ಪ್ರಸಾಧನ ವಸ್ತುಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನೂ, ಹಾಗೆ ಪರೀಕ್ಷಿಸಿದವನ್ನು ಆಮದು ಮಾಡುವುದನ್ನೂ ಭಾರತ 2014ರಲ್ಲೇ ನಿಷೇಧಿಸಿದೆ. ಕಾನೂನು ಎಲ್ಲರಿಗೂ ವಿಧಿಸಿದ್ದನ್ನು ವಿಶೇಷ ಗುಣವೆಂದು ನಂಬಿ ಹೆಚ್ಚು ಬೆಲೆ ಕೊಡಬೇಕಾಗಿಲ್ಲ.

ಕೊಬ್ಬರಿ ಎಣ್ಣೆಯ ಬಾಟಲಿಯಲ್ಲಿ ಒಂದೇ ಪದಾರ್ಥ. ಆದ್ದರಿಂದ ಮುದ್ರೆ ಯಾವುದಕ್ಕೆ ಎಂಬ ಪ್ರಶ್ನೆಯೇ ಏಳುವುದಿಲ್ಲ. ‘ಇಂಡಿಯಾ ಆರ್ಗ್ಯಾನಿಕ್’ ಮುದ್ರೆಯ ಹಿಂದಿರುವುದು 2001ರಿಂದ ಜಾರಿಯಲ್ಲಿರುವ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ. ಕೇಂದ್ರ ಸರ್ಕಾರದ ಕೃಷಿ ರಫ್ತು ಪ್ರಾಧಿಕಾರವಾದ ಅಪೆಡಾ ಅದನ್ನು ನಡೆಸುತ್ತದೆ. ಮಾನ್ಯತೆ ಪಡೆದ ಪ್ರಮಾಣನ ಸಂಸ್ಥೆಗಳಲ್ಲಿ ನಮ್ಮ ಕರ್ನಾಟಕ ರಾಜ್ಯ ಬೀಜ ಮತ್ತು ಸಾವಯವ ಪ್ರಮಾಣನ ಸಂಸ್ಥೆಯೂ ಒಂದು. ಖಾದ್ಯ ಎಣ್ಣೆಯಾಗಿ ಮಾರುವುದರಿಂದ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆ ಬಾಟಲಿಯಲ್ಲಿತ್ತು, ಅದನ್ನು ಆ ಪ್ರಾಧಿಕಾರದ ಫಾಸ್‌ಕಾಸ್ ಜಾಲತಾಣದಲ್ಲಿ ಹಾಕಿದಾಗ ತಯಾರಕರ ಹೆಸರು ಹೊಂದಿಕೆಯಾಯಿತು. ರೈತರ ಗುಂಪುಗಳಿಂದಲೇ ನೇರವಾಗಿ ಕೊಳ್ಳುವವರಿಗೆ ಪಿಜಿಎಸ್–ಇಂಡಿಯಾ ಎಂಬ ಇನ್ನೊಂದು ವ್ಯವಸ್ಥೆ ಇದೆ. ಅಲ್ಲಿ ಒಂದೇ ಊರಿನ ಸುತ್ತಮುತ್ತಲ ರೈತರು ಒಬ್ಬರ ಹೊಲವನ್ನು ಇನ್ನೊಬ್ಬರು ನೋಡಿ ದೃಢಪಡಿಸುತ್ತಾರೆ. ‘ಪಿಜಿಎಸ್ ಗ್ರೀನ್’ ಎಂದರೆ ಸಾವಯವಕ್ಕೆ ಇನ್ನೂ ಹೊರಳುತ್ತಿರುವ ಹೊಲ, ‘ಪಿಜಿಎಸ್ ಆರ್ಗ್ಯಾನಿಕ್’ ಎಂದರೆ ಆ ಅವಧಿ ದಾಟಿದ್ದು.

ಈ ಎಣ್ಣೆ ರಿಜನರೇಟಿವ್ ಎಂದು ಯಾರೂ ಹೇಳಿಲ್ಲ, ನಾನೂ ಹೇಳುವುದಿಲ್ಲ. ರಾಸಾಯನಿಕ ಹಾಕದ ತೋಟವೂ ಬೋಳು ನೆಲದ ತೋಟವಾಗಿರಬಹುದು. ಆದರೆ ಅದು ಹೇಳಿದ್ದನ್ನು ಸಾಬೀತುಪಡಿಸಿತು, ಬೆಲೆಯೂ ಬಾಮ್‌ನ ಒಂದು ಸಣ್ಣ ಪಾಲು.

ಚರ್ಮಕ್ಕೆ ಹೇಗೆ ಒಗ್ಗಿತು ಎಂಬುದು ಬೇರೆ ಮಾತು, ಮುದ್ರೆಗೂ ಅದಕ್ಕೂ ಸಂಬಂಧವಿಲ್ಲ. ಬಾಮ್ ಹಿಮ್ಮಡಿಯ ಬಿರುಕಿಗೆ ಚೆನ್ನಾಗಿತ್ತು. ಅದರ ಪರಿಮಳದ ತೈಲ ಮಗಳ ಕುತ್ತಿಗೆಗೆ ತುರಿಕೆ ತಂದಿತು. ಸಾವಯವ ತೈಲವೂ ಅಲರ್ಜಿ ಉಂಟುಮಾಡಬಲ್ಲದು. ಮೊದಲು ಮೊಣಕೈ ಒಳಭಾಗದಲ್ಲಿ ಹಚ್ಚಿ ನೋಡಬೇಕು. ಕೊಬ್ಬರಿ ಎಣ್ಣೆ ಸ್ನಾನವಾದೊಡನೆ ಒದ್ದೆ ಮೈಗೆ ಹಚ್ಚಿದರೆ ಕೈಕಾಲುಗಳಿಗೆ ಸಾಕು, ಮೊಡವೆಯ ಮುಖಕ್ಕೆ ಬೇಡ. ಮುಖಕ್ಕೆ ನನಗೆ ಹಿಡಿಸಿದ್ದು ಕಾಸ್ಮೋಸ್ ಮುದ್ರೆಯ ಕ್ರೀಮ್, ಅದನ್ನೇ ಮುಂದುವರಿಸಿದ್ದೇನೆ. ಅಕ್ಕನಿಗೆ ಮುಂದಿನ ಸಲ ಪರಿಮಳವಿಲ್ಲದ ಬಾಮ್ ತರಲು ಹೇಳಿದ್ದೇನೆ.

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಗಳ ಪ್ರಕಾರ ಪರಿಸರದ ಬಗ್ಗೆ ಹೇಳಿಕೊಳ್ಳುವ ಮಾತಿಗೆ ಆಧಾರ ತೋರಿಸಬೇಕಾದ್ದು ಹೇಳಿಕೊಂಡವರೇ. ಬರಿದಾದ ‘ನೈಸರ್ಗಿಕ’, ‘ಸಾವಯವ’ ಎಂಬಂಥ ಪದಗಳಿಗೂ ವಿವರಣೆ ಕೊಡಬೇಕು. ಸಮಾಧಾನವಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಮೂರನೆಯ ಕ್ರೀಮ್‌ನವರಿಗೆ ಈ ಮಾರ್ಗಸೂಚಿಯನ್ನು ನೆನಪಿಸಿ, ತೋಟ ಯಾವುದು, ಪ್ರಮಾಣನ ಸಂಸ್ಥೆ ಯಾವುದು, ಪತ್ರದ ಸಂಖ್ಯೆ ಏನು ಎಂದು ಮತ್ತೆ ಬರೆದಿದ್ದೇನೆ. ಸರಿಯಾದ ಉತ್ತರ ಬಂದರೆ ಮತ್ತೆ ಕೊಳ್ಳಲು ನನಗೆ ಅಡ್ಡಿಯಿಲ್ಲ, ಅದರ ಹದ ನನ್ನ ಕೈಗೆ ಚೆನ್ನಾಗಿಯೇ ಒಗ್ಗಿತ್ತು.