ವ್ಯಾಗನ್ ಆರ್‌ಗೆ 175/70 ಆರ್14: ಮಂಡ್ಯದ ರಸ್ತೆಗೆ ತಕ್ಕ ಟೈರ್

14 ಇಂಚಿನ ಚಕ್ರದ ಈಗಿನ ಮಾದರಿಯ ವ್ಯಾಗನ್ ಆರ್‌ಗೆ ಕಂಪನಿಯಿಂದ ಬರುವುದು 165/70 ಆರ್14: ಅಗಲ 165 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ 70, ರಿಮ್ 14 ಇಂಚು. ಅದೇ ರಿಮ್‌ಗೆ 175/70 ಹಾಕಿದರೆ ಟೈರಿನ ಪಕ್ಕದ ಗೋಡೆ 115.5 ಮಿ.ಮೀ.ನಿಂದ 122.5ಕ್ಕೆ ಏರುತ್ತದೆ. ಬರೀ 7 ಮಿ.ಮೀ. ಅನ್ನಬೇಡಿ. ಕಬ್ಬಿನ ಟ್ರ್ಯಾಕ್ಟರ್ ಓಡಾಡಿ ಅಂಚು ಕಿತ್ತ ಮಂಡ್ಯದ ಹಳ್ಳಿ ರಸ್ತೆಗಳಲ್ಲಿ ಆ 'ಟಪ್' ಅನ್ನುವ ಪೆಟ್ಟು ಮೆತ್ತಗಾಗುತ್ತದೆ, ನೆಲದಿಂದ ಎತ್ತರವೂ 7 ಮಿ.ಮೀ. ಸಿಗುತ್ತದೆ. ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಷ್ಟೇ ಓಡಿಸುವವರಿಗೆ ಈ ಖರ್ಚು ಬೇಡ.

ಸುತ್ತಳತೆ ಶೇ 2.4 ಹೆಚ್ಚುವುದರಿಂದ ಮೀಟರ್ 80 ತೋರಿಸುವಾಗ ಗಾಡಿ ಮೊದಲಿಗಿಂತ ಸುಮಾರು 2 ಕಿ.ಮೀ. ವೇಗವಾಗಿ ಓಡುತ್ತಿರುತ್ತದೆ. ಪಿಕಪ್ ತುಸು ಮಂದ. 165/80ಕ್ಕೆ ಮಾತ್ರ ಆಸೆಪಡಬೇಡಿ. ವ್ಯತ್ಯಾಸ ಶೇ 5.6, ಒಳಗೆ ಉಜ್ಜುವ ಅಪಾಯ ಹೆಚ್ಚು.

ನಾಲ್ಕನ್ನೂ ಒಟ್ಟಿಗೆ ಬದಲಿಸಿ. ಹಾಕಿಸಿದ ಮೇಲೆ ನಾಲ್ವರನ್ನು ಕೂರಿಸಿ, ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಮಡ್‌ಫ್ಲ್ಯಾಪ್, ಲೈನರ್‌ಗೆ (ಚಕ್ರದ ಮೇಲಿನ ಒಳ ಹೊದಿಕೆ) ಟೈರ್ ತಾಗುತ್ತದೆಯೇ ನೋಡಿ. ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಅಂದೇ ಮುಗಿಸಿ. ಕೊಳ್ಳುವಾಗ ಗೋಡೆಯ ಮೇಲಿನ ನಾಲ್ಕಂಕಿ ಓದಿ: ಮೊದಲೆರಡು ಟೈರ್ ತಯಾರಾದ ವಾರ, ಕೊನೆಯೆರಡು ವರ್ಷ.

ಎಲ್ಲಕ್ಕಿಂತ ಹೆಚ್ಚು ಕೆಡಿಸುವುದು ಗಾಳಿ. ಅಂಗಡಿಯವರು ಅಂದಾಜಿಗೆ ಹೆಚ್ಚು ತುಂಬಿಬಿಟ್ಟರೆ ಹೊಸ ಟೈರೂ ಕಲ್ಲಿನಂತೆ. ಡ್ರೈವರ್ ಬಾಗಿಲ ಬಳಿಯ ಸ್ಟಿಕ್ಕರ್ ನೋಡಿ, ಟೈರ್ ತಣ್ಣಗಿದ್ದಾಗ ಅಷ್ಟೇ ಹಿಡಿಸಿ. ಶಾಕ್ ಅಬ್ಸಾರ್ಬರ್ ಎಣ್ಣೆ ಸೋರುತ್ತಿದ್ದರೆ ಮೊದಲು ಅದನ್ನು ಮಾಡಿಸಿ. ಆ ಕುಲುಕಾಟ ಟೈರಿನಿಂದ ಹೋಗದು. ಸ್ಟೆಪ್ನಿ ಹಳೆಯ ಅಳತೆಯದ್ದಾದ್ದರಿಂದ ಪಂಕ್ಚರ್ ಅಂಗಡಿ ತಲುಪುವಷ್ಟಕ್ಕೆ ಮಾತ್ರ ಬಳಸಿ.