ಜಾಬ್ ಟಿಕೆಟ್‌ನಿಂದ ಟ್ರೆಲೊವರೆಗೆ: ಮುದ್ರಣಾಲಯದಲ್ಲಿ ನಾಲ್ಕು ವರ್ಷಗಳ ಬಳಕೆ

ಗದಗ-ಬೆಟಗೇರಿಯಲ್ಲಿ ನಮ್ಮದು ಐದು ಜನರ ಮುದ್ರಣಾಲಯ. ನಾನು, ತಮ್ಮ, ಡಿಟಿಪಿ (ಕಂಪ್ಯೂಟರ್‌ನಲ್ಲಿ ಪುಟ ಜೋಡಿಸುವ ಕೆಲಸ) ಮಾಡುವ ಹುಡುಗಿ, ಮಷಿನ್ ನಡೆಸುವ ಕಾಕಾ, ಬೈಂಡಿಂಗ್‌ಗೆ ಒಬ್ಬರು. ಲಗ್ನಪತ್ರಿಕೆ, ಬಿಲ್ ಪುಸ್ತಕ, ಶಾಲೆಗಳ ರಸೀದಿ, ಜಾತ್ರೆಯ ಭಿತ್ತಿಪತ್ರ, ದೀಪಾವಳಿ ಕಳೆದ ಮೇಲೆ ಕ್ಯಾಲೆಂಡರ್. 2021ರ ಜೂನ್‌ನಿಂದ ನಡೆಯುತ್ತಿರುವ ಕೆಲಸಗಳನ್ನು ಟ್ರೆಲೊ ಎಂಬ ಆ್ಯಪ್‌ನಲ್ಲಿಯೂ ನೆನಪಿಡಬೇಕಾದ ಸಂಗತಿಗಳನ್ನು ಗೂಗಲ್ ಕೀಪ್ ಎಂಬ ಟಿಪ್ಪಣಿ ಆ್ಯಪ್‌ನಲ್ಲಿಯೂ ಇಡುತ್ತಿದ್ದೇವೆ. ನಡುವೆ ಕೆಲವು ತಿಂಗಳು ಎರಡನ್ನೂ ಬಿಟ್ಟು ನೋಷನ್ ಎಂಬ ಇನ್ನೊಂದು ಆ್ಯಪ್‌ಗೆ ಹೋಗಿ ಮರಳಿದ್ದೂ ಉಂಟು.

ಆ್ಯಪ್ ಹುಡುಕುವಂತೆ ಮಾಡಿದ್ದು ಒಂದು ಲಗ್ನಪತ್ರಿಕೆ. ಪ್ರೂಫ್ (ಅಚ್ಚಿಗೆ ಮುನ್ನ ಗಿರಾಕಿ ನೋಡಿ ಒಪ್ಪುವ ಮಾದರಿ) ಒಪ್ಪಿದ ಮೇಲೆ ಮುಹೂರ್ತದ ಸಮಯ ಬದಲಾಯಿತೆಂದು ಮದುಮಗಳ ತಂದೆ ರಾತ್ರಿ ತಮ್ಮನಿಗೆ ವಾಟ್ಸ್‌ಆ್ಯಪ್ ಮಾಡಿದ್ದರು. ಬೆಳಿಗ್ಗೆ ತಮ್ಮ ಕಾಗದ ತರಲು ಹುಬ್ಬಳ್ಳಿಗೆ ಹೋದ. ಇತ್ತ ಹಳೆಯ ಪ್ರೂಫ್ ಪ್ಲೇಟ್‌ಗೆ (ಅಚ್ಚು ಹಾಕುವ ತಗಡಿಗೆ) ಹೋಯಿತು, ಸಂಜೆಯ ಹೊತ್ತಿಗೆ 600 ಪತ್ರಿಕೆ ಅಚ್ಚಾಗಿ ನಿಂತಿದ್ದವು. ನಮ್ಮ ಖರ್ಚಿನಲ್ಲೇ ಮತ್ತೆ ಅಚ್ಚು ಹಾಕಿಕೊಟ್ಟೆವು. ಅವರು ಒಂದು ಮಾತೂ ಆಡಲಿಲ್ಲ. ಆದರೆ ಹಂಚಲು ಇದ್ದ ಮೂರು ದಿನಗಳಲ್ಲಿ ಒಂದು ದಿನ ಅವರ ಕೈತಪ್ಪಿತಲ್ಲ ಎಂಬ ಸಂಕಟ ನನಗೆ ಇಂದಿಗೂ ಇದೆ.

ಮೊದಲು ಹಿಡಿದದ್ದು ಟಿಪ್ಪಣಿ ಆ್ಯಪ್ ಅನ್ನೇ. ಒಂದು ಕೆಲಸಕ್ಕೆ ಒಂದು ಟಿಪ್ಪಣಿ, ಐವರಿಗೂ ಹಂಚಿಕೆ. ಹತ್ತು ಕೆಲಸ ಇರುವವರೆಗೆ ಚೆನ್ನಾಗಿ ನಡೆಯಿತು. ಮದುವೆಯ ಹಂಗಾಮಿನಲ್ಲಿ ನಲವತ್ತು ದಾಟಿದಾಗ ಹಿಡಿತ ತಪ್ಪಿತು. ಪತ್ರಿಕೆ ಎಷ್ಟು, ಕಾಗದ ಯಾವುದು, ಮುಂಗಡ ಎಷ್ಟು ಎಂಬುದೆಲ್ಲ ಟಿಪ್ಪಣಿಯಲ್ಲಿತ್ತು. ಆ ಕೆಲಸ ಈಗ ಯಾರ ಕೈಯಲ್ಲಿದೆ ಎಂಬುದು ಮಾತ್ರ ತೆರೆದು ಓದದೆ ತಿಳಿಯುತ್ತಿರಲಿಲ್ಲ.

ಟ್ರೆಲೊ ನಮಗೆ ಹೊಂದಿದ್ದು ಇಲ್ಲಿಯೇ. ಅದು 2011ರಲ್ಲಿ ಬಂದ ಆ್ಯಪ್, 2017ರಿಂದ ಅಟ್ಲಾಸಿಯನ್ ಕಂಪನಿಯ ಒಡೆತನದಲ್ಲಿದೆ. ಒಂದು ಬೋರ್ಡ್, ಅದರಲ್ಲಿ ಕಂಬಸಾಲುಗಳು, ಸಾಲಿನಿಂದ ಸಾಲಿಗೆ ಸರಿಸುವ ಕಾರ್ಡುಗಳು. ಟೊಯೊಟಾ ಕಾರ್ಖಾನೆಯಲ್ಲಿ ಬೆಳೆದ ಕಾನ್ಬಾನ್ ಪದ್ಧತಿ ಇದರ ಮೂಲ. ಮುದ್ರಣದವರಿಗೆ ಇದು ಹೊಸದೇನೂ ಆಗಬೇಕಿಲ್ಲ, ನಮ್ಮ ತಂದೆಯ ಕಾಲದಿಂದಲೂ ಕೆಲಸದ ಜೊತೆಗೇ ಮೇಜಿನಿಂದ ಮೇಜಿಗೆ ಹೋಗುತ್ತಿದ್ದ ಚೀಟಿ, ಅಂದರೆ ಜಾಬ್ ಟಿಕೆಟ್, ಮಾಡುತ್ತಿದ್ದುದೂ ಇದನ್ನೇ. ಹಾಗಾಗಿ ಕಾಕಾನಿಗೆ ಕಲಿಸಲು ಹತ್ತು ನಿಮಿಷ ಸಾಕಾಯಿತು. ‘ತಮ್ಮಾ, ನಾನು ಏನೂ ಬರೆಯಬೇಕಾಗಿಲ್ಲ ತಾನೆ?’ ಎಂದು ಕೇಳಿದರು. ಬೆರಳಿನಿಂದ ಕಾರ್ಡನ್ನು ‘ಮಷಿನ್’ನಿಂದ ‘ಬೈಂಡಿಂಗ್’ಗೆ ಎಳೆದರೆ ಆಯಿತು ಎಂದು ತೋರಿಸಿದೆ. ಅಂದಿನಿಂದ ಒಂದು ದಿನವೂ ತಪ್ಪಿಸಿಲ್ಲ.

ನಮ್ಮ ಬೋರ್ಡಿನ ಸಾಲುಗಳು ಇವು: ಬಂದದ್ದು, ಡಿಟಿಪಿ, ಪ್ರೂಫ್ ಗಿರಾಕಿಯ ಬಳಿ, ಪ್ಲೇಟ್, ಮಷಿನ್, ಬೈಂಡಿಂಗ್, ತಯಾರು, ಹಣ ಬಾಕಿ. ಇದರಲ್ಲಿ ಮೂರನೆಯ ಸಾಲು ನಮ್ಮ ಕಣ್ಣು ತೆರೆಸಿತು. ಕೆಲಸ ತಡವಾಗುತ್ತದೆ ಎಂಬ ದೂರು ಸದಾ ಇತ್ತು, ಅದಕ್ಕೆ ಇನ್ನೊಂದು ಮಷಿನ್ ಬೇಕೆಂದು ಸಾಲಕ್ಕೆ ಓಡಾಡಲು ಶುರುಮಾಡಿದ್ದೆವು. ಒಂದು ಹಂಗಾಮು ಬೋರ್ಡನ್ನು ದಿನವೂ ನೋಡಿದಾಗ ಕಾರ್ಡುಗಳು ಮಷಿನ್ ಸಾಲಿನಲ್ಲಿ ನಿಲ್ಲುತ್ತಲೇ ಇಲ್ಲ, ಪ್ರೂಫ್ ಸಾಲಿನಲ್ಲಿ ಗುಡ್ಡೆ ಬೀಳುತ್ತಿವೆ ಎಂದು ತಿಳಿಯಿತು. ಬಂಧುಗಳ ಹೆಸರಿನ ಕ್ರಮ ಮನೆಯಲ್ಲಿ ಇತ್ಯರ್ಥವಾಗುವವರೆಗೆ ಪ್ರೂಫ್ ಮರಳಿ ಬರುತ್ತಿರಲಿಲ್ಲ. ಮಷಿನ್ ಕೊಳ್ಳುವ ವಿಚಾರ ಕೈಬಿಟ್ಟೆವು. ಪ್ರೂಫ್ ಕಳಿಸಿದ ಎರಡನೆಯ ದಿನ ಗಿರಾಕಿಗೆ ಫೋನ್ ಮಾಡುವ ಹೊಣೆಯನ್ನು ತಮ್ಮನಿಗೆ ಕೊಟ್ಟೆವು. ತಿದ್ದುಪಡಿ ಯಾರ ಫೋನಿಗೆ ಬಂದರೂ ಅದರ ಚಿತ್ರ ಆಯಾ ಕಾರ್ಡಿಗೆ ಅಂಟಬೇಕು, ಡಿಟಿಪಿಯವಳು ಅದನ್ನು ನೋಡಿ ಗುರುತು ಹಾಕದೆ ಕಾರ್ಡು ಪ್ಲೇಟ್‌ಗೆ ಹೋಗಬಾರದು. ಈ ನಾಲ್ಕು ವರ್ಷಗಳಲ್ಲಿ ಮುಹೂರ್ತ ತಪ್ಪಿದ ಇನ್ನೊಂದು ಪತ್ರಿಕೆ ನಮ್ಮಲ್ಲಿ ಅಚ್ಚಾಗಿಲ್ಲ.

ಕಾರ್ಡಿನೊಳಗಿನ ಚೆಕ್‌ಲಿಸ್ಟ್‌ನ ಬೆಲೆ ತಿಳಿದದ್ದು 2023ರ ವಿಧಾನಸಭಾ ಚುನಾವಣೆಯಲ್ಲಿ. ಮತದಾನ ಮೇ 10ಕ್ಕೆ, ಸುತ್ತಲೂ ಮದುವೆಗಳ ಭರಾಟೆ. ಪ್ರಜಾಪ್ರತಿನಿಧಿ ಕಾಯ್ದೆ 1951ರ ಸೆಕ್ಷನ್ 127ಎ ಪ್ರಕಾರ ಚುನಾವಣೆಯ ಕರಪತ್ರ, ಭಿತ್ತಿಪತ್ರಗಳ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಪ್ರಕಾಶಕರು ಸಹಿ ಮಾಡಿ, ಅವರನ್ನು ಬಲ್ಲ ಇಬ್ಬರು ದೃಢೀಕರಿಸಿದ ಘೋಷಣೆಯ ಎರಡು ಪ್ರತಿ ನಮಗೆ ಸಿಗದೆ ಅಚ್ಚು ಹಾಕುವಂತಿಲ್ಲ. ಆಮೇಲೆ ಘೋಷಣೆಯ ಒಂದು ಪ್ರತಿಯನ್ನೂ ಮುದ್ರಿತ ಪ್ರತಿಯನ್ನೂ ಜಿಲ್ಲಾಡಳಿತಕ್ಕೆ ಕಳಿಸಬೇಕು. ತಪ್ಪಿದರೆ ಆರು ತಿಂಗಳವರೆಗೆ ಸೆರೆವಾಸ ಅಥವಾ ದಂಡ, ಇಲ್ಲವೇ ಎರಡೂ. ಇವನ್ನೆಲ್ಲ ಒಂದು ಮಾದರಿ ಕಾರ್ಡಿನಲ್ಲಿ ಬರೆದಿಟ್ಟು, ಪ್ರತಿ ಚುನಾವಣಾ ಕೆಲಸಕ್ಕೂ ಅದರ ನಕಲು ತೆಗೆದೆವು. ಮಧ್ಯರಾತ್ರಿ ಬಂದು ಅವಸರಪಡಿಸಿದವರಿಗೂ ಫೋನಿನಲ್ಲಿ ಗುರುತು ಬೀಳದ ಸಾಲನ್ನು ತೋರಿಸಿ, ಇದು ಆಗದೆ ಮಷಿನ್ ಓಡುವುದಿಲ್ಲ ಎಂದು ಹೇಳಲು ಧೈರ್ಯ ಬಂತು.

ಮಿತಿಗಳೂ ಇವೆ. ಉಚಿತ ಬಳಕೆಯಲ್ಲಿ ಒಂದು ವರ್ಕ್‌ಸ್ಪೇಸ್‌ಗೆ ಹತ್ತು ಬೋರ್ಡ್, ಹತ್ತು ಜನ, ಕಡತ ಒಂದಕ್ಕೆ 10 ಎಂಬಿ. ಐದು ಜನರಿಗೆ ಇದು ಧಾರಾಳ, ನಾವು ಈವರೆಗೆ ಹಣ ಕೊಟ್ಟಿಲ್ಲ. ಆದರೆ ನಾವು ವಿನ್ಯಾಸ ಮಾಡುವ ಕೋರೆಲ್‌ಡ್ರಾ ಕಡತಗಳು 10 ಎಂಬಿಯೊಳಗೆ ಕೂರುವುದಿಲ್ಲ. ಸಣ್ಣ ಗಾತ್ರದ ಪ್ರೂಫ್ ಚಿತ್ರವನ್ನು ಅಂಟಿಸಿ, ಮೂಲ ಕಡತ ಯಾವ ಫೋಲ್ಡರ್‌ನಲ್ಲಿದೆ ಎಂದು ಬರೆಯುತ್ತೇವೆ.

ಹಾಗಾದರೆ ಕೀಪ್ ಏಕೆ? ಕೆಲಸ ಮುಗಿದರೆ ಕಾರ್ಡು ಆರ್ಕೈವ್‌ಗೆ ಹೋಗುತ್ತದೆ, ಜೊತೆಗೆ ಅದರಲ್ಲಿದ್ದ ತಿಳಿವಳಿಕೆಯೂ ಕಣ್ಣಿಂದ ಮರೆಯಾಗುತ್ತದೆ. ಇಂಥ ಶಾಲೆಯ ರಸೀದಿಯ ಕಾಗದದ ಅಳತೆ ಡೆಮಿ 1/8, ಎರಡನೆಯ ಪ್ರತಿ ಹಳದಿ, ಕಳೆದ ಬಾರಿ ನಂಬರಿಂಗ್ ಎಲ್ಲಿಗೆ ನಿಂತಿತು. ದೇವಸ್ಥಾನದವರು ಒಪ್ಪಿದ ಕುಂಕುಮ ಬಣ್ಣಕ್ಕೆ ಯಾವ ಶಾಯಿ ಎಷ್ಟು ಬೆರೆಸಬೇಕು. ಇವು ಮುಂದಿನ ವರ್ಷವೂ ಬೇಕು. ಇವಕ್ಕೆ ಕೀಪ್ ಸಾಕು. ಕೈಗೆ ಶಾಯಿ ಮೆತ್ತಿದ್ದರೂ ಫೋನಿನ ಜಿಬೋರ್ಡ್ ಕೀಲಿಮಣೆಯ ಧ್ವನಿ ಟೈಪಿಂಗ್‌ನಲ್ಲಿ ಕನ್ನಡದಲ್ಲೇ ಹೇಳಿದರೆ ಬರೆದುಕೊಳ್ಳುತ್ತದೆ. ಶಾಯಿಯ ಪ್ರಮಾಣಗಳನ್ನೆಲ್ಲ ಕಾಕಾ ಹೀಗೆಯೇ ಹೇಳಿ ಬರೆಸಿದ್ದಾರೆ. ನಲವತ್ತು ವರ್ಷ ಅವರ ತಲೆಯಲ್ಲಿ ಮಾತ್ರ ಇದ್ದ ವಿದ್ಯೆ ಅದು.

ನೋಷನ್ ಇವೆರಡನ್ನೂ ಒಂದೇ ಕಡೆ ಮಾಡುತ್ತದೆ, ಚೆನ್ನಾಗಿಯೇ ಮಾಡುತ್ತದೆ. ಗಿರಾಕಿಗಳ ಪಟ್ಟಿ, ಕಾಗದದ ದಾಸ್ತಾನು, ಕೆಲಸಗಳು ಒಂದಕ್ಕೊಂದು ಬೆಸೆದುಕೊಂಡ ಕೋಷ್ಟಕಗಳನ್ನು ಕಂಡು ನನಗಂತೂ ಬಹಳ ಸಂತೋಷವಾಗಿತ್ತು. ಅದನ್ನು ಕಟ್ಟಿದ್ದು ನಾನು, ತೆರೆಯುತ್ತಿದ್ದವನೂ ನಾನೊಬ್ಬನೇ ಆದೆ. ಉಳಿದ ನಾಲ್ವರು ನನ್ನನ್ನು ಕೇಳಿ ಕೆಲಸ ಮಾಡತೊಡಗಿದಾಗ, ಹಳೆಯ ವಾಟ್ಸ್‌ಆ್ಯಪ್ ದಿನಗಳೇ ಮರಳಿದಂತಾಯಿತು. ಕಂಪ್ಯೂಟರ್ ಮುಂದೆ ಕೂತು ಮಾಡುವ ಕೆಲಸವಾದರೆ, ಲೆಕ್ಕಪರಿಶೋಧಕರ ಕಚೇರಿಗೋ ವಿನ್ಯಾಸಕಾರರಿಗೋ, ನಾನು ಇದನ್ನೇ ಹೇಳುತ್ತೇನೆ. ಮಷಿನ್ ಪಕ್ಕ ನಿಂತು ದುಡಿಯುವವರ ಕೈಗೆ ಟ್ರೆಲೊ ಕೊಡಿ.

ಕನ್ನಡದಲ್ಲಿ ಬಳಸುವವರಿಗೆ ಎರಡು ಮಾತು. ‘ನುಡಿ’ ತಂತ್ರಾಂಶದ ಹಳೆಯ ಎನ್‌ಕೋಡಿಂಗ್‌ನಲ್ಲಿ ಟೈಪ್ ಮಾಡಿದ್ದನ್ನು ಈ ಆ್ಯಪ್‌ಗಳಿಗೆ ಅಂಟಿಸಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಬೀಳುತ್ತವೆ, ಯುನಿಕೋಡ್‌ಗೆ ಪರಿವರ್ತಿಸಿಯೇ ಹಾಕಬೇಕು. ಪರಿವರ್ತನೆಯಾದ ಮೇಲೆ ಅರ್ಕಾವತ್ತುಗಳನ್ನು ಒಮ್ಮೆ ಓದಿ ನೋಡಿ. ಇನ್ನು ಹುಡುಕಾಟ. ಒಬ್ಬರು ‘ಹಿರೇಮಠ’ ಎಂದೂ ಇನ್ನೊಬ್ಬರು ‘ಹಿರೇಮಠ್’ ಎಂದೂ ಬರೆದಿಡುವುದರಿಂದ ಹೆಸರನ್ನು ನಂಬದೆ, ಪ್ರತಿ ಕಾರ್ಡಿನ ತಲೆಯಲ್ಲಿ ಗಿರಾಕಿಯ ಮೊಬೈಲ್‌ನ ಕೊನೆಯ ನಾಲ್ಕು ಅಂಕಿ ಹಾಕುತ್ತೇವೆ.

ಯಾವುದನ್ನೇ ಆರಿಸಿದರೂ ಮಾಹಿತಿಯನ್ನು ಹೊರಗೆ ತೆಗೆಯುವ ದಾರಿಯನ್ನು ಮೊದಲ ವಾರವೇ ಬಳಸಿ ನೋಡಿ. ಲಕ್ಷಾಂತರ ಜನ ಬಳಸುತ್ತಿದ್ದ ಕೆಲಸಪಟ್ಟಿಯ ಆ್ಯಪ್ ವುಂಡರ್‌ಲಿಸ್ಟ್ 2020ರ ಮೇ 6ರಂದು ಮುಚ್ಚಿತು. ಟಿಪ್ಪಣಿ ಆ್ಯಪ್ ಎವರ್‌ನೋಟ್‌ನ ಉಚಿತ ಬಳಕೆ 2023ರ ಡಿಸೆಂಬರ್‌ನಲ್ಲಿ 50 ಟಿಪ್ಪಣಿಗಳಿಗೆ ಇಳಿಯಿತು. ಟ್ರೆಲೊದಲ್ಲಿ ಎಕ್ಸೆಲ್‌ನಲ್ಲಿ ತೆರೆಯಬಹುದಾದ ಸಿಎಸ್‌ವಿ ಕಡತದ ರಫ್ತಿಗೆ ಹಣ ಕೊಡಬೇಕು, ಉಚಿತವಾಗಿ ಸಿಗುವುದು ತಂತ್ರಾಂಶಗಳು ಓದುವ ಜೆಸನ್ ಕಡತ. ಕೀಪ್‌ನದನ್ನು ಗೂಗಲ್ ಟೇಕ್‌ಔಟ್ ಮೂಲಕ ಇಳಿಸಿಕೊಳ್ಳಬಹುದು. ಪ್ರತಿ ತಿಂಗಳ ಕೊನೆಯ ಶನಿವಾರ ಎರಡನ್ನೂ ಪೆನ್‌ಡ್ರೈವ್‌ಗೆ ಹಾಕುತ್ತೇನೆ. ಕಾಕಾನ ಶಾಯಿಯ ಪ್ರಮಾಣಗಳನ್ನು ಮಾತ್ರ ಅಚ್ಚು ಹಾಕಿ, ಲ್ಯಾಮಿನೇಷನ್ ಮಾಡಿಸಿ ಮಷಿನ್ ಪಕ್ಕದ ಗೋಡೆಗೂ ತೂಗುಹಾಕಿದ್ದೇವೆ.